ಹದಿನಾಲ್ಕನೆಯ ಜೋಡಿ

"ದಿನಾ ಮೂರು ಹೊತ್ತು ನಿಮ್ಮ ಜೋಡಿ ಊಟಕ್ಕ ಕೂಡೋರು ಯಾರು?" ಎಂದು ಡಾಕ್ಟರ್ ರೆಹಾನಾ ನದಾಫ್ ಕೇಳಿದಾಗ ಚನ್ನಮಲ್ಲಪ್ಪ ಗಾಣಿಗೇರ ಒಂದು ಕ್ಷಣವೂ ಯೋಚಿಸಲಿಲ್ಲ.

"ನಮ್ಮನಿಯಾಕಿ" ಎಂದು ಪಕ್ಕದ ಕುರ್ಚಿಯತ್ತ ಕೈ ತೋರಿಸಿದ.

ಆ ಕುರ್ಚಿಯಲ್ಲಿದ್ದ ಕಸ್ತೂರೆವ್ವ ತಿರುಗಿ ಗಂಡನ ಮುಖ ನೋಡಿದಳು. ಮೂವತ್ತೈದು ವರ್ಷಗಳ ಸಂಸಾರದಲ್ಲಿ ಅವರಿಬ್ಬರೂ ಒಟ್ಟಿಗೆ ಊಟಕ್ಕೆ ಕೂತದ್ದು ಮದುವೆಯ ದಿನ ಗಂಡು-ಹೆಣ್ಣು ಕೂಡಿ ಉಣ್ಣುವ ಭೂಮದ ಊಟದಲ್ಲಿ ಒಮ್ಮೆ, ಆಮೇಲೆ ಬೀಗರ ಮನೆಯ ಪಂಕ್ತಿಗಳಲ್ಲಿ ಕೆಲವು ಸಲ. ಅಲ್ಲಿಯೂ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ಆದರೂ ಗಂಡ ಸುಳ್ಳು ಹೇಳುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಲಿಲ್ಲ. ಅವನು ಉಣ್ಣುವಾಗ ಅವಳು ಎದುರಿಗೇ ಇರುತ್ತಿದ್ದಳು, ರೊಟ್ಟಿ ಬಡಿಯುತ್ತ. ಅವನ ಲೆಕ್ಕದಲ್ಲಿ ಅದೇ ಜೊತೆ.

ಚನ್ನಮಲ್ಲಪ್ಪ ಗದಗಿನವನು. ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು. ಬಸ್ಸುಗಳು ತಾವಾಗಿಯೇ ಓಡುವ ಕಾಲ ಬಂದ ಮೇಲೆ ಡಿಪೋದವರು ಅವನನ್ನು ಯಾರ್ಡಿಗೆ ಹಾಕಿದ್ದರು. ಹೊರಡುವ ಬಸ್ಸಿನ ಟೈರು, ಬ್ರೇಕು ನೋಡಿ ಸಹಿ ಮಾಡುವುದಷ್ಟೇ ಈಗ ಅವನ ಕೆಲಸ. ಊಟ ಮಾತ್ರ ರೂಟಿನ ಮೇಲಿದ್ದಾಗಿನಂತೆಯೇ ಉಳಿದಿತ್ತು: ಕೂತು ಏಳುವುದಕ್ಕೆ ಏಳು ನಿಮಿಷ. ಹದಿನೈದು ವರ್ಷದ ಸಕ್ಕರೆ ಕಾಯಿಲೆ ವಸಡನ್ನು ಸಡಿಲಗೊಳಿಸಿ ಎಡದವಡೆಯ ಎರಡು ದೊಡ್ಡ ಹಲ್ಲುಗಳನ್ನು ತೆಗೆದುಕೊಂಡು ಹೋಗಿತ್ತು. ಎರಡು ಸಲ ಇಂಪ್ಲಾಂಟ್ ಕೂರಿಸಿದ್ದರು. ಎರಡು ಸಲವೂ ಆ ಲೋಹದ ಬೇರು ಮೂಳೆಯಲ್ಲಿ ನಿಲ್ಲದೆ ಅಲುಗಾಡಿ ಹೊರಬಂದಿತ್ತು. ಹಿಡಿದುಕೊಳ್ಳಲು ಅಲ್ಲಿ ಮೂಳೆಯೇ ಉಳಿದಿರಲಿಲ್ಲ.

ಹೀಗಾಗಿ ಅವನು ಧಾರವಾಡದ ಈ ಸಂಶೋಧನಾ ಕೇಂದ್ರಕ್ಕೆ ಬಂದಿದ್ದ. ರೆಹಾನಾ ಅವನಿಗೆ ಅರ್ಥವಾಗುವಂತೆ ಹೇಳಿದಳು.

"ಎಲುಬು ಜೀವಂತ ಐತ್ರಿ, ಚನ್ನಮಲ್ಲಪ್ಪಾರ. ಅಗಿಯೂ ಹೊರಿ ಬಿದ್ದಲ್ಲೆ ಬೆಳೀತೈತಿ, ಬೀಳದಲ್ಲೆ ಕರಗತೈತಿ. ನಿಮ್ಮ ಎಲುಬಿನ ಕಣಗಳು ಸಕ್ಕರಿಯಿಂದ ದಣದಾವು. ಅದಕ್ಕ ಅಮ್ಮಾರ ಸೊಂಟದ ಎಲುಬಿನಿಂದ ಒಂದು ಚಿಟಿಕಿ ತಗೋತೀವಿ. ಅದನ್ನ ಲ್ಯಾಬಿನ್ಯಾಗ ಬೆಳಸಿ, ನಿಮ್ಮ ಮೈ ಅದನ್ನ ದೂರ ತಳ್ಳದಂಗ ಮಾಡಿ, ಇಂಪ್ಲಾಂಟಿನ ಸುತ್ತ ತುಂಬತೀವಿ."

"ಆತಲ್ರಿ. ಮತ್ತ ಜೋಡಿ ಉಣ್ಣೂದ್ಯಾಕ?"

ಅದೇ ಈ ಪ್ರಯೋಗದ ಹೊಸ ಸಂಗತಿಯಾಗಿತ್ತು. ಕಸಿ ಮಾಡಿದ ಕಣಗಳು ತಾವು ಹುಟ್ಟಿ ಬೆಳೆದ ದೇಹದ ಬಡಿತಕ್ಕೆ ಒಗ್ಗಿಕೊಂಡಿರುತ್ತವೆ. ದಾನಿ ಅಗಿಯುವ ಗತಿಯಲ್ಲೇ ಸಣ್ಣ ಅದುರು ಕೊಟ್ಟರೆ ಅವು ಚುರುಕಾಗಿ ಮೂಳೆ ಕಟ್ಟುತ್ತವೆ. ಆ ಗತಿಯನ್ನು ಮುದ್ರಿಸಿಟ್ಟು ಕೇಳಿಸಿದರೆ ವಾರದೊಳಗೆ ಕಿವುಡಾಗುತ್ತವೆ.

"ಒಂದ ಮಾತು ನೂರ ಸಲ ಹೇಳಿದ್ರ ಮನಿ ಮಂದಿ ಕಿವಿಗೆ ಹಾಕ್ಕೋತಾರೇನ್ರಿ? ಹಂಗ ಎಲುಬೂ" ಎಂದು ರೆಹಾನಾ ನಕ್ಕಳು. "ದಿನಾ ಹೊಸ ಊಟದ ಹೊಸ ಬಡಿತ ಬೇಕು. ಅಮ್ಮಾರ ಕಿವಿ ಕೆಳಗ ಒಂದು ಗುಂಡಿ ಅಂಟಸ್ತೀವಿ. ಅವರು ಅಗದ್ರ ನಿಮ್ಮ ಇಂಪ್ಲಾಂಟಿನ ಟೋಪಿ ಅದರತೈತಿ. ಆದ್ರ ಎರಡು ಮೊಳದೊಳಗ ಕೂತಿರಬೇಕು. ಕಣ್ಣು ಮಿಟುಕಿಸೂ ಅಷ್ಟು ತಡ ಆದ್ರೂ ಕಣಗಳು ಅದನ್ನ ಗದ್ದಲ ಅಂತ ತಿಳೀತಾವು. ಹದಿನಾರು ವಾರ, ಮೂರು ಹೊತ್ತು."

ಚನ್ನಮಲ್ಲಪ್ಪನ ಬಾಯನ್ನು ಅವರು ಎರಡು ದಿನ ಪರೀಕ್ಷಿಸಿದರು. ಎಕ್ಸ್-ರೇ, ಸ್ಕ್ಯಾನು, ರಕ್ತ, ಎಂಜಲು ಎಲ್ಲವೂ ಆಯಿತು. ಕಸ್ತೂರೆವ್ವನ ರಕ್ತ ತೆಗೆದುಕೊಂಡ ಮೇಲೆ ಎಂಜಿನಿಯರ್ ಪ್ರಾಣೇಶ ಒಂದು ಅರ್ಜಿ ತುಂಬುತ್ತ, "ಅಮ್ಮಾರ ಹಲ್ಲು, ದವಡಿ ಚೊಲೋ ಅದಾವೇನ್ರಿ? ಬ್ಯಾನಿ ಗೀನಿ?" ಎಂದು ಕೇಳಿದ.

"ಆಕೀಗೇನಾಗೇತ್ರಿ, ಗಟ್ಟಿ ಅದಾಳ" ಎಂದ ಚನ್ನಮಲ್ಲಪ್ಪ.

ಪ್ರಾಣೇಶ ಗುರುತು ಹಾಕಿಕೊಂಡ. ಇಪ್ಪತ್ತೆರಡು ಜೋಡಿಗಳಲ್ಲಿ ಅವರದು ಹದಿನಾಲ್ಕನೆಯದು.

ಮೂಳೆ ತುಂಬಿ ಎರಡು ಇಂಪ್ಲಾಂಟ್ ಕೂರಿಸಿ, ಗಾಯ ಮಾಗಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಮೊದಲ ಜೋಡಿ ಊಟ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಗಳು ಸುಮಂಗಲಾ ಎರಡು ತಾಟು ಹಾಕಿದಳು. ಕಸ್ತೂರೆವ್ವ ಒಲೆಯ ಬಳಿಯಿಂದ ಏಳಲೇ ಇಲ್ಲ.

"ಬಾರ ಅವ್ವಾ. ನಾ ಬಡಸ್ತೀನಿ."

"ಅವ್ರು ಉಂಡು ಏಳಲಿ."

"ಅವ್ರು ಉಂಡು ಎದ್ರ ಏನ್ ಉಪಯೋಗ? ಡಾಕ್ಟರ್ ಏನ್ ಹೇಳ್ಯಾರ?"

ಕೊನೆಗೆ ಅವಳು ಬಂದು ಕೂತಳು, ಸೆರಗನ್ನು ಕೆನ್ನೆಯವರೆಗೆ ಎಳೆದುಕೊಂಡು, ಮುಖವನ್ನು ಅರ್ಧ ಗೋಡೆಯ ಕಡೆಗೆ ಹೊರಳಿಸಿ. ಗಂಡನೆದುರು ಬಾಯಿ ಆಡಿಸುವುದು ಅವಳಿಗೆ ನಾಚಿಕೆಯ ಸಂಗತಿಯಾಗಿತ್ತು. ಮೊದಲ ತುತ್ತು ಬಾಯಿಗಿಟ್ಟಳು. ಚನ್ನಮಲ್ಲಪ್ಪ ದವಡೆ ಹಿಡಿದುಕೊಂಡ.

"ಏನಾತ್ರಿ?"

"ಯಾರೋ ಒಳಗಿಂದ ಬಾಗಿಲಾ ಬಡದಂಗ ಆತು."

ಸುಮಂಗಲಾ ಬಿದ್ದು ಬಿದ್ದು ನಕ್ಕಳು. ಕಸ್ತೂರೆವ್ವ ಅಗಿದಂತೆಲ್ಲ ಅವನ ದವಡೆಯಲ್ಲಿ ಇರುವೆ ನಡೆದಷ್ಟು ಮೆತ್ತಗೆ ಬಡಿತ ಬರುತ್ತಿತ್ತು. ಅದಕ್ಕೆ ಸರಿಯಾಗಿ ಅವನೂ ಅಗಿಯಬೇಕು. ಅವನಿಗೋ ಅಗಿಯುವುದೇ ಮರೆತುಹೋಗಿತ್ತು. ಅವಳು ಒಂದು ತುತ್ತು ಮುಗಿಸುವಷ್ಟರಲ್ಲಿ ಇವನು ಅರ್ಧ ರೊಟ್ಟಿ ನುಂಗಿ ಖಾಲಿ ಬಾಯಿ ಆಡಿಸುತ್ತ ಕೂತಿದ್ದ. ನಡುವೆ ಅವಳು ಚಟ್ನಿ ತರಲು ಎದ್ದಳು. ಬಡಿತ ನಿಂತಿತು.

"ಏ, ಕೂಡು ಕೂಡು! ಲೈನ್ ಕಟ್ ಆತು!" ಎಂದು ಅವನು ಕೂಗಿದ.

ಅಂದಿನಿಂದ ಅಡುಗೆಯೆಲ್ಲ ಇಬ್ಬರ ನಡುವೆ ನೆಲದ ಮೇಲೆಯೇ ಬಂದು ಕೂತಿತು. ಏಳು ನಿಮಿಷದ ಊಟ ಇಪ್ಪತ್ತೈದು ನಿಮಿಷದ್ದಾಯಿತು. ಅಷ್ಟು ಹೊತ್ತು ಏನು ಮಾಡುವುದೆಂದು ತಿಳಿಯದೆ ಚನ್ನಮಲ್ಲಪ್ಪ ಮಾತಾಡತೊಡಗಿದ. ರೋಣದ ಹಾದಿಯಲ್ಲಿ ಬಸ್ಸಿನೊಳಗೇ ಹೆರಿಗೆಯಾದದ್ದು, ಕಂಡಕ್ಟರ್ ಬಸುವಣ್ಣೆಪ್ಪ ತನ್ನ ಪಂಚೆ ಹರಿದು ಕೊಟ್ಟದ್ದು. ಮೂವತ್ತೊಂದು ವರ್ಷ ಅವನ ಹೊಟ್ಟೆಯಲ್ಲಿ ಉಳಿದಿದ್ದ ರಸ್ತೆಯೆಲ್ಲ ಹೊರಗೆ ಬಂತು. ಕಸ್ತೂರೆವ್ವ ಕೇಳುತ್ತಿದ್ದಳು. ಮೂರನೆಯ ವಾರದ ಹೊತ್ತಿಗೆ ಅವಳ ಮುಖ ಗೋಡೆಯಿಂದ ಈಚೆಗೆ ಹೊರಳಿತ್ತು. ನಾಲ್ಕನೆಯ ವಾರ ಅವಳೇ ಮಾತು ಶುರು ಮಾಡಿದಳು. ತಾನು ಏಳನೆಯ ಇಯತ್ತೆಯಲ್ಲಿ ಓಟದಲ್ಲಿ ಗೆದ್ದ ಹಿತ್ತಾಳೆಯ ಬಟ್ಟಲು ತವರಿನಲ್ಲಿ ಇನ್ನೂ ಇದೆ ಎಂದಳು.

"ನೀ ಓಡತಿದ್ದೇನ?" ಅವನಿಗೆ ನಿಜವಾಗಿ ಆಶ್ಚರ್ಯವಾಗಿತ್ತು.

"ಮತ್ತ! ತಾಲೂಕಿಗೇ ಫಸ್ಟ್."

ಧಾರವಾಡದ ಕೇಂದ್ರದಲ್ಲಿ ಒಂದು ಉದ್ದನೆಯ ಕೋಣೆ ಇತ್ತು. ಗೋಡೆಯ ಮೇಲೆ ಇಪ್ಪತ್ತೆರಡು ಪರದೆಗಳು. ಒಂದೊಂದರ ಮೇಲೆ ಒಂದೊಂದು ಮನೆಯ ಊಟ, ಎರಡು ಗೆರೆಗಳಾಗಿ. ಮೇಲಿನದು ದಾನಿಯ ಬಡಿತ, ಕೆಳಗಿನದು ರೋಗಿಯದು. ಪ್ರಾಣೇಶ ಬೆಳಿಗ್ಗೆಯಿಂದ ಸಂಜೆಯವರೆಗೆ ಜನ ಉಣ್ಣುವುದನ್ನೇ ನೋಡುತ್ತ ಕೂರುತ್ತಿದ್ದ. ಯಾವ ಮನೆಯಲ್ಲಿ ಹಪ್ಪಳ, ಯಾವ ಮನೆಯಲ್ಲಿ ಗಂಜಿ ಎಂದು ಗೆರೆ ನೋಡಿಯೇ ಹೇಳುವಷ್ಟು ಅವನು ಪಳಗಿದ್ದ.

ಆರನೆಯ ವಾರದ ಸ್ಕ್ಯಾನಿನಲ್ಲಿ ಉಳಿದ ಜೋಡಿಗಳ ಇಂಪ್ಲಾಂಟಿನ ಸುತ್ತ ಮೂಳೆ ಅರ್ಧಕ್ಕಿಂತ ಹೆಚ್ಚು ಏರಿತ್ತು. ಹದಿನಾಲ್ಕನೆಯದರಲ್ಲಿ ಕಾಲು ಭಾಗವೂ ಇರಲಿಲ್ಲ.

"ದಿನಾ ಇಪ್ಪತ್ತೈದು ನಿಮಿಷ ಕೂಡತಾರ್ರಿ ಮೇಡಂ, ಒಂದ ಹೊತ್ತೂ ತಪ್ಪಿಸಿಲ್ಲ" ಎಂದ ಪ್ರಾಣೇಶ. "ಆದ್ರ ಅಮ್ಮಾರ ಗೆರಿ ನೋಡ್ರಿ. ಬರೇ ಸಣ್ಣ ಅಲಿ. ರೊಟ್ಟಿ ಕಡದ ಗುರುತ ಇಲ್ಲ."

ರೆಹಾನಾ ಗದಗಿಗೆ ಫೋನ್ ಮಾಡಿದಳು. ಚನ್ನಮಲ್ಲಪ್ಪ ಸ್ಪೀಕರ್ ಹಾಕಿಕೊಂಡು ಕೇಳಿದ. ಬಡಿತ ಸಾಲುತ್ತಿಲ್ಲ, ಗಟ್ಟಿ ಪದಾರ್ಥ ಚೆನ್ನಾಗಿ ಅಗಿದು ತಿನ್ನಬೇಕು, ಹೀಗೇ ಆದರೆ ಇಂಪ್ಲಾಂಟ್ ಈ ಸಲವೂ ನಿಲ್ಲಲಿಕ್ಕಿಲ್ಲ ಎಂದಳು. ಫೋನಿಟ್ಟು ಅವನು ಎಡದವಡೆಯನ್ನು ಬೆರಳಿನಿಂದ ಒತ್ತಿ ನೋಡಿಕೊಂಡ. ಕಸ್ತೂರೆವ್ವ ಒಳಗೆ ಹಿಟ್ಟು ನಾದುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಮರುದಿನ ಮಧ್ಯಾಹ್ನ ಅವನ ದವಡೆಯಲ್ಲಿ ಬಡಿತ ಜೋರಾಗಿ ಬಂತು. ಇರುವೆಯ ನಡಿಗೆ ಹೋಗಿ ಕುದುರೆಯ ಹೆಜ್ಜೆ ಬಂದ ಹಾಗೆ.

"ಭೇಷ್, ಕಸ್ತೂರಿ!" ಎಂದು ಅವನು ತೊಡೆ ತಟ್ಟಿದ. "ಇವತ್ತ ನೋಡು ಗಾಡಿ ಟಾಪ್ ಗೇರಿಗೆ ಬಿತ್ತು."

ಅವಳು ತಲೆ ಬಗ್ಗಿಸಿ ಒಣಗಿ ಗಟ್ಟಿಯಾದ ಕಟಕ್ ರೊಟ್ಟಿ ಅಗಿಯುತ್ತಿದ್ದಳು. ಅಂದು ಅವಳು ಏನೂ ಮಾತಾಡಲಿಲ್ಲ. ಅವನು ಗಮನಿಸಲಿಲ್ಲ.

ಏಳನೆಯ ವಾರ ಮೂಳೆ ಚಿಗುರಿತು. ಎಂಟನೆಯ ವಾರಕ್ಕೆ ಉಳಿದವರ ಹತ್ತಿರಕ್ಕೆ ಬಂತು. ರೆಹಾನಾ ಎಲ್ಲರಿಗೂ ಧಾರವಾಡ ಪೇಡೆ ಹಂಚಿದಳು. ಪ್ರಾಣೇಶ ಮಾತ್ರ ಪೇಡೆಯನ್ನು ಮೇಜಿನ ಮೇಲೆ ಇಟ್ಟು ಪರದೆಯನ್ನೇ ನೋಡುತ್ತಿದ್ದ.

"ಮೇಡಂ, ಸ್ವಲ್ಪ ಬರ್ರಿ ಇಲ್ಲೆ."

ಕಿವಿಯ ಕೆಳಗಿನ ಗುಂಡಿ ನಾಡಿಯನ್ನೂ ದಾಖಲಿಸುತ್ತಿತ್ತು. ಆ ಗೆರೆಯನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. ಪ್ರಾಣೇಶ ಈಗ ಅದನ್ನು ಅಗಿತದ ಗೆರೆಯ ಕೆಳಗೆ ಇಟ್ಟಿದ್ದ. ಕಸ್ತೂರೆವ್ವ ಹಲ್ಲೂರಿದ ಪ್ರತಿ ಸಲವೂ ಅವಳ ನಾಡಿ ಎಪ್ಪತ್ತೆಂಟರಿಂದ ನೂರಿಪ್ಪತ್ತಕ್ಕೆ ಜಿಗಿದು, ನಿಧಾನವಾಗಿ ಇಳಿದು, ಮತ್ತೆ ಜಿಗಿಯುತ್ತಿತ್ತು. ಎರಡು ವಾರದ ನಲವತ್ತೆರಡು ಊಟ. ಎಲ್ಲದರಲ್ಲೂ ಹಾಗೆಯೇ.

"ಇದು ಬ್ಯಾನಿ ರೀ ಮೇಡಂ" ಎಂದ ಪ್ರಾಣೇಶ ಮೆಲ್ಲಗೆ. "ಅವರು ಬ್ಯಾನಿ ಇದ್ದ ಹಲ್ಲಿನ ಮ್ಯಾಲೇ ಅಗೀಲಿಕತ್ಯಾರ."

ರೆಹಾನಾ ಹಳೆಯ ಅರ್ಜಿ ತೆಗೆಸಿದಳು. 'ದಾನಿಯ ಹಲ್ಲು: ಆರೋಗ್ಯವಾಗಿವೆ' ಎಂಬಲ್ಲಿ ಗುರುತು ಇತ್ತು. ಕೆಳಗೆ ತನ್ನದೇ ಸಹಿ. ಗಂಡನ ಬಾಯಿಗೆ ಎರಡು ದಿನ ಕೊಟ್ಟವರು ಹೆಂಡತಿಯ ಬಾಯಿಗೆ ಒಂದು ಪ್ರಶ್ನೆ ಕೊಟ್ಟಿದ್ದರು. ಅದಕ್ಕೂ ಉತ್ತರ ಹೇಳಿದವನು ಗಂಡ.

ಅಂದೇ ಅವಳು ಗದಗಿಗೆ ಹೊರಟಳು.

ಬಾಗಿಲಲ್ಲಿ ಡಾಕ್ಟರನ್ನು ಕಂಡು ಚನ್ನಮಲ್ಲಪ್ಪನಿಗೆ ಸಂತೋಷವೋ ಸಂತೋಷ. "ಬರ್ರಿ ಮೇಡಂ, ಊಟಾ ಮಾಡೂಣು ಬರ್ರಿ" ಎಂದ. ರೆಹಾನಾ ಚಪ್ಪಲಿ ಬಿಟ್ಟು ನೇರವಾಗಿ ಅಡುಗೆಮನೆಗೆ ಹೋಗಿ ಕಸ್ತೂರೆವ್ವನ ಎದುರು ನೆಲದ ಮೇಲೆ ಕೂತಳು.

"ಅಮ್ಮಾರ, ಒಂದ್ಸಲ ಬಾಯಿ ತಗೀರಿ."

"ನಂದ್ಯಾಕ್ರಿ?"

"ತಗೀರಿ ಅಮ್ಮಾರ. ನಾ ಮೊದಲ ನೋಡಬೇಕಾಗಿತ್ತು. ತಪ್ಪು ನಂದು."

ಎಡಗಡೆಯ ಕೆಳದವಡೆಯಲ್ಲಿ ಒಂದು ಹಲ್ಲು ಅರ್ಧ ಮುರಿದು ಕಪ್ಪಾಗಿತ್ತು. ಸುತ್ತಲಿನ ವಸಡು ಕೀವು ತುಂಬಿ ಕೆಂಪಾಗಿ ಊದಿತ್ತು. ಎಷ್ಟು ದಿನದಿಂದ ಎಂದು ರೆಹಾನಾ ಕೇಳಿದಳು. ಕಸ್ತೂರೆವ್ವ ಲೆಕ್ಕ ಹಾಕಿ, ಸುಮಂಗಲಾ ಬಿ.ಎಡ್. ಓದುತ್ತಿದ್ದಾಗ ಶುರುವಾದದ್ದು, ಆರು ವರ್ಷ ಆಗಿರಬೇಕು ಎಂದಳು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಕಿವುಚಿ, ಬಲಗಡೆ ಇಟ್ಟುಕೊಂಡು ನುಂಗಿದರೆ ಅಷ್ಟೇನೂ ತೊಂದರೆ ಇಲ್ಲವಂತೆ. ಬಹಳ ನೋವಾದ ದಿನ ರಾತ್ರಿ ಉಣ್ಣದೆ ಮಲಗಿದರೂ ನಡೆಯುತ್ತದಂತೆ. ಆ ಫೋನ್ ಬಂದ ಮೇಲೆ, ಬಡಿತ ಜೋರಾಗಲೆಂದು ನೆನೆಸದ ರೊಟ್ಟಿಯನ್ನು ಎಡಗಡೆಯೂ ಅಗಿಯಲು ಶುರು ಮಾಡಿದ್ದಳು.

ಚನ್ನಮಲ್ಲಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಎರಡು ವಾರ ತನ್ನ ದವಡೆಯಲ್ಲಿ ಕುದುರೆಯಂತೆ ನಡೆದದ್ದು ಏನೆಂದು ಅವನಿಗೆ ಈಗ ತಿಳಿಯಿತು. ತಾನು ತೊಡೆ ತಟ್ಟಿದ್ದು ನೆನಪಾಯಿತು.

"ನನಗ್ಯಾಕ ಹೇಳಲಿಲ್ಲ?" ಎಂದ. ಸಿಟ್ಟಿನ ದನಿಯಲ್ಲೇ ಹೊರಟ ಮಾತು ನಡುವೆಯೇ ಸೋತಿತು.

"ನೀವು ಯಾವಾಗ ಕೇಳಿದ್ರಿ?" ಎಂದಳು ಕಸ್ತೂರೆವ್ವ. ಆ ದನಿಯಲ್ಲಿ ದೂರು ಇರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು, ಅಷ್ಟೇ.

"ಅವ್ವ ಯಾವಾಗ ಉಣತಾಳ, ಹೆಂಗ ಉಣತಾಳ, ನಾನೂ ನೋಡಿಲ್ಲಪ್ಪಾ" ಎಂದಳು ಅವನ ಹಿಂದೆ ಬಂದು ನಿಂತಿದ್ದ ಸುಮಂಗಲಾ. ಅವಳ ಕಣ್ಣು ತುಂಬಿತ್ತು.

ರೆಹಾನಾ ಇದ್ದುದನ್ನು ಇದ್ದಂತೆ ಹೇಳಿದಳು. ಹಲ್ಲು ತೆಗೆಯಲೇಬೇಕು. ತೆಗೆದರೆ ಮೂರು ವಾರ ಕಸ್ತೂರೆವ್ವ ಏನನ್ನೂ ಅಗಿಯುವಂತಿಲ್ಲ. ಅಷ್ಟು ದಿನ ಬಡಿತ ನಿಂತರೆ ಚನ್ನಮಲ್ಲಪ್ಪನ ಎಳೆಯ ಮೂಳೆ ಕರಗಲು ಶುರುವಾಗುತ್ತದೆ. ಅವನ ದವಡೆ ಇನ್ನೊಂದು ಕಸಿಯನ್ನು ತಾಳುವುದು ಕಷ್ಟ.

"ಗುಳಿಗಿ ಕೊಡ್ರಿ" ಎಂದಳು ಕಸ್ತೂರೆವ್ವ. "ಆರು ವರ್ಷ ತಡದೀನಿ. ಇನ್ನ ಎಂಟು ವಾರ ಏನ್ ಹೆಚ್ಚಲ್ಲ. ಇವರ ಹಲ್ಲು ನಿಲ್ಲಲಿ, ಆಮ್ಯಾಲ ನಂದು ನೋಡೂಣು."

"ಗುಳಿಗಿಯಿಂದ ಕೀವು ಅಲ್ಲೇ ನಿಲ್ಲತೈತಿ ಅಂತ ಹೇಳಾಕ ಆಗೂದಿಲ್ರಿ ಅಮ್ಮಾರ. ನಿಮ್ಮ ದವಡಿ ಎಲುಬಿಗೇ ಇಳಿದ್ರ?"

"ಇಳೀಲಿಕ್ಕಿಲ್ಲ ಬಿಡ್ರಿ. ನಾ ಗಟ್ಟಿ ಅದೀನಿ."

ಆ ಮಾತು ಕೇಳಿ ಚನ್ನಮಲ್ಲಪ್ಪ ಬಂದು ಅವಳ ಪಕ್ಕದಲ್ಲಿ ಕೂತ. ಡಾಕ್ಟರು, ಮಗಳು ಇಬ್ಬರ ಎದುರಿಗೇ ಹೆಂಡತಿಯ ಕಿವಿಯ ಮೇಲಿನ ಕೂದಲು ಸರಿಸಿದ. ಅವಳು ಗಾಬರಿಯಾಗಿ ಹಿಂದೆ ಸರಿದಳು. "ತಡಿ" ಎಂದು, ಅಂಟು ಚರ್ಮ ಎಳೆಯದಂತೆ ಉಗುರಿನ ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ, ಆ ಗುಂಡಿಯನ್ನು ರೆಹಾನಾಳ ಅಂಗೈಯಲ್ಲಿ ಇಟ್ಟ.

"ಇದನ್ನ ನೀವ ಇಟ್ಕೋರಿ ಮೇಡಂ. ಇಕಿ ಹಲ್ಲು ಇವತ್ತ ತಗೀರಿ. ನಂದು ಕರಗಿದ್ರ ಕರಗಲಿ."

"ರೀ, ಹುಚ್ಚು ಹಿಡದೈತೇನ್ರಿ ನಿಮಗ?" ಎಂದಳು ಕಸ್ತೂರೆವ್ವ. "ಇಷ್ಟು ದಿನದ್ದು ನೀರಾಗ ಹೋಗತೈತಿ."

"ಹೋಗಲಿ. ನೀ ಬ್ಯಾನಿ ನುಂಗಿ ಬಡದ ಬಡಿತದ ಮ್ಯಾಲ ನಾ ಹಲ್ಲು ನಿಲ್ಲಿಸಿಕೊಂಡು ಶೇಂಗಾ ತಿನ್ನಲೇನು?"

ಕಸ್ತೂರೆವ್ವ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು.

ಸಂಜೆಯೊಳಗೆ ಹಲ್ಲು ತೆಗೆದದ್ದಾಯಿತು. ಕೀವು ಮೂಳೆಯ ಅಂಚನ್ನು ಮುಟ್ಟಿತ್ತು. ಇನ್ನೊಂದು ತಿಂಗಳಾಗಿದ್ದರೆ ದವಡೆಯ ಒಂದು ಭಾಗವನ್ನೇ ಕೆರೆಯಬೇಕಾಗುತ್ತಿತ್ತು ಎಂದು ರೆಹಾನಾ ಹೇಳಿದಳು.

ಮೂರು ವಾರ ಚನ್ನಮಲ್ಲಪ್ಪ ಬೆಳಿಗ್ಗೆ ಯಾರ್ಡಿಗೆ ಹೋಗುವ ಮುನ್ನ ಗಂಜಿ ಮಾಡಿಟ್ಟು ಹೋದ. ಮೊದಲ ದಿನದ ಗಂಜಿ ತಳ ಹತ್ತಿತು. ಎರಡನೆಯ ದಿನದ್ದಕ್ಕೆ ಉಪ್ಪೇ ಇರಲಿಲ್ಲ. "ಚೊಲೋ ಐತಿ" ಎಂದು ಕಸ್ತೂರೆವ್ವ ಕುಡಿದಳು. "ಸುಳ್ಳು ಹೇಳಬ್ಯಾಡ" ಎಂದ ಅವನು. "ಖರೇ ಹೇಳಿದ್ರ ನಾಳಿ ಮಾಡೂದಿಲ್ಲ ನೀವು" ಎಂದಳು ಅವಳು. ಅವನು ಊಟದ ಹೊತ್ತಿಗೆ ಮನೆಗೆ ಬಂದು ತಾನೂ ಅದೇ ಗಂಜಿಯನ್ನು ಅವಳ ಪಕ್ಕದಲ್ಲಿ ಕೂತು ಕುಡಿಯುತ್ತಿದ್ದ. ದವಡೆಯಲ್ಲಿ ಯಾವ ಬಡಿತವೂ ಇರಲಿಲ್ಲ. ಗುಂಡಿ ಇಲ್ಲದಿದ್ದರೂ ಇಬ್ಬರೂ ಎರಡು ಮೊಳದೊಳಗೇ ಕೂರುತ್ತಿದ್ದರು.

ಕೇಂದ್ರದ ಪರದೆಯ ಮೇಲೆ ಹದಿನಾಲ್ಕನೆಯ ಜೋಡಿಯ ಗೆರೆಗಳು ಮೂರು ವಾರ ಚಪ್ಪಟೆಯಾಗಿದ್ದವು. ಮೇಲಧಿಕಾರಿಗಳು ಆ ಜೋಡಿಯನ್ನು ಪಟ್ಟಿಯಿಂದ ತೆಗೆಯಲು ಹೇಳಿದರು. ರೆಹಾನಾ ಒಪ್ಪಲಿಲ್ಲ. "ತಪ್ಪು ಆಗಿದ್ದು ನಮ್ಮ ಕಡೆಯಿಂದ. ಅದನ್ನ ತೆಗೆದು ಉಳಿದದ್ದು ಅಷ್ಟೇ ತೋರಿಸಿದ್ರ ಅದು ಪ್ರಯೋಗ ಆಗೂದಿಲ್ರಿ" ಎಂದಳು. ಉಳಿದ ಇಪ್ಪತ್ತೊಂದು ದಾನಿಗಳನ್ನೂ ಒಬ್ಬೊಬ್ಬರಾಗಿ, ಮನೆಯವರನ್ನು ಹೊರಗೆ ಕೂರಿಸಿ, ಮತ್ತೆ ಪರೀಕ್ಷಿಸಿದಳು. ನಾಲ್ವರ ಬಾಯಲ್ಲಿ ಯಾರಿಗೂ ಹೇಳದ ನೋವು ಸಿಕ್ಕಿತು. ನಾಲ್ವರೂ ಹೆಂಗಸರು.

ಗುಂಡಿ ಮತ್ತೆ ಅಂಟಿಸುವ ಹೊತ್ತಿಗೆ ಚನ್ನಮಲ್ಲಪ್ಪನ ಒಂದು ಇಂಪ್ಲಾಂಟ್ ಪೂರ್ತಿ ಸಡಿಲಾಗಿತ್ತು. ಅದನ್ನು ತೆಗೆಯಬೇಕಾಯಿತು. ಇನ್ನೊಂದರ ಬುಡದಲ್ಲಿ ಅಂಗುಲದ ಸಣ್ಣ ಪಾಲಿನಷ್ಟು ಮೂಳೆ ಉಳಿದಿತ್ತು. ಅದು ನಿಲ್ಲುವುದೋ ಇಲ್ಲವೋ ರೆಹಾನಾಗೂ ಗೊತ್ತಿರಲಿಲ್ಲ. ಹದಿನಾರು ವಾರ ಮುಗಿದ ಮೇಲೂ ಹದಿನಾಲ್ಕು ವಾರ ಅವರಿಬ್ಬರೂ ಬಿಡದೆ ಕೂತರು. ಕಸ್ತೂರೆವ್ವ ಈಗ ಬಲಗಡೆ ನೋವಿಲ್ಲದೆ, ಹೆದರಿಕೆಯಿಲ್ಲದೆ ಅಗಿಯುತ್ತಿದ್ದಳು. ಮೂಳೆ ಹನಿ ಹನಿಯಾಗಿ ಏರಿತು. ಒಂದು ಹಲ್ಲು ನಿಂತಿತು. ಪಕ್ಕದ ಖಾಲಿ ಜಾಗ ಖಾಲಿಯಾಗಿಯೇ ಉಳಿಯಿತು.

ಕಸ್ತೂರೆವ್ವನ ಕುಳಿಗೂ ಕೇಂದ್ರದವರು ಮೂಳೆ ತುಂಬಿ ಹಲ್ಲು ಕೂರಿಸಿಕೊಟ್ಟರು. ಅವಳ ಕಣಗಳು ದಣಿದವುಗಳಲ್ಲ. ಅವಳದೇ ಮೂಳೆ, ಅವಳದೇ ದವಡೆ. ಐದು ತಿಂಗಳಲ್ಲಿ ಹಲ್ಲು ಕಲ್ಲಿನ ಹಾಗೆ ನಿಂತಿತು.

ಗುಂಡಿಯನ್ನು ಹಿಂದಿರುಗಿಸಿ ಬಂದ ಮರುದಿನ ಮಧ್ಯಾಹ್ನ ಸುಮಂಗಲಾ ಶಾಲೆಯಲ್ಲಿದ್ದಳು. ಇನ್ನು ಜೊತೆಯಲ್ಲಿ ಕೂರಬೇಕೆಂದು ಹೇಳುವವರು ಯಾರೂ ಇರಲಿಲ್ಲ. ಕಸ್ತೂರೆವ್ವ ತಾನೇ ಎರಡು ತಾಟು ಹಾಕಿದಳು. ಹೊಸ ಹಲ್ಲಿನ ಹುರುಪಿನಲ್ಲಿ ಎರಡು ಕಟಕ್ ರೊಟ್ಟಿ, ಮಡಿಕೆಕಾಳು ಪಲ್ಯ, ಒಂದು ಹಸಿ ಮೂಲಂಗಿ ಕಟಕಟ ಅಗಿದು ಮುಗಿಸಿದಳು. ಚನ್ನಮಲ್ಲಪ್ಪ ಎಡಗಡೆಯ ಒಂದೇ ಹಲ್ಲಿನ ಮೇಲೆ ಮೊದಲ ರೊಟ್ಟಿಯನ್ನು ಇನ್ನೂ ನಿಧಾನವಾಗಿ ಅರೆಯುತ್ತಿದ್ದ. ಅವಳು ತಾಟು ಎತ್ತಿಕೊಂಡು ಏಳಲು ಹೊರಟಳು.

"ಎಲ್ಲಿ ಹೊಂಟಿ? ನಂದಿನ್ನೂ ಮುಗಿದಿಲ್ಲ."

"ನಿಮ್ಮದು ಮುಗಿಯೂತನಾ ಕೂತ್ರ ಕೈ ಒಣಗತೈತ್ರಿ."

"ಒಣಗಲಿ" ಎಂದ ಅವನು.

ಅವಳು ತಾಟನ್ನು ಮತ್ತೆ ಕೆಳಗಿಟ್ಟು ಕೂತಳು.